ಹೊಸ ಫೋರ್‌ವೀಲ್ ವಾಹನಕ್ಕೆ ಟ್ರೇಲರ್ ಹೂಡುವ ಮುನ್ನ

ಕಾಫಿಗೆ 2024 ಮತ್ತು 2025ರಲ್ಲಿ ಒದಗಿದ ಒಳ್ಳೆಯ ಧಾರಣೆಯಿಂದಾಗಿ ನಮ್ಮ ಸದಸ್ಯರಲ್ಲಿ ಹಲವರು ಬಹುಕಾಲದಿಂದ ಮುಂದೂಡುತ್ತ ಬಂದಿದ್ದ ಒಂದು ಕೆಲಸವನ್ನು ಪೂರೈಸಿದ್ದಾರೆ: ಹಳೆಯ ಜೀಪನ್ನು ಕೊಟ್ಟು ಹೊಸ ಫೋರ್‌ವೀಲ್ ಡ್ರೈವ್ ವಾಹನ ತಂದಿದ್ದಾರೆ. ಮಕ್ಕಳು ಯಲಹಂಕ, ಹೆಬ್ಬಾಳ, ಆರ್.ಟಿ. ನಗರದ ಕಡೆ ನೆಲೆಸಿರುವ ಮನೆಗಳಲ್ಲಿ ಈ ಖರೀದಿ ಬೆಂಗಳೂರಿನಲ್ಲೇ ಆಗುವುದುಂಟು. ಹೇಗೂ ಅಲ್ಲಿಗೆ ಹೋಗಿದ್ದೇವೆ, ಯಶವಂತಪುರ, ಪೀಣ್ಯದ ಕಡೆ ವೆಲ್ಡಿಂಗಿನವರೂ ಲೇತಿನವರೂ ಇದ್ದಾರೆ, ಜೊತೆಗೇ ಒಂದು ಟ್ರೇಲರನ್ನೂ ಮಾಡಿಸಿಬಿಡೋಣ ಎಂಬ ಆಲೋಚನೆ ಆಗ ಸಹಜವಾಗಿಯೇ ಬರುತ್ತದೆ. ಚೀಲ ಸಾಗಿಸಲು, ಬೋರ್ಡೋ ಡ್ರಮ್ಮು ಒಯ್ಯಲು, ಹಿನ್ನೀರಿನ ದಡದ ಸದಸ್ಯರಾದರೆ ಚಿಕ್ಕ ದೋಣಿಯೊಂದನ್ನು ನೀರಿಗಿಳಿಸಿ ಮೇಲೆತ್ತಲು ಟ್ರೇಲರು ಉಪಯುಕ್ತವೇ ಸರಿ. ಆದರೆ ಹುಕ್ಕು ಬಿಗಿದು ಕೊಂಡಿ ಹಾಕಿದ ಮಾತ್ರಕ್ಕೆ ವಾಹನ ಸಜ್ಜಾಗುವುದಿಲ್ಲ. ಏನೇನು ನೋಡಿಕೊಳ್ಳಬೇಕೆಂಬುದನ್ನು ಇಲ್ಲಿ ವಿವರಿಸಲಾಗಿದೆ.

ಎಳೆಯುವುದಲ್ಲ, ತಡೆಯುವುದು

ವಾಹನದ ಎಳೆಯುವ ಶಕ್ತಿಯ ಬಗ್ಗೆ ಮಾರಾಟದವರೇ ಬೇಕಾದಷ್ಟು ಹೇಳುತ್ತಾರೆ. ಅವರು ಹೇಳುವುದು ಸುಳ್ಳೂ ಅಲ್ಲ. ಇಂದಿನ ಯಾವುದೇ ಫೋರ್‌ವೀಲ್ ವಾಹನಕ್ಕೆ ಹತ್ತು ಚೀಲದ ಟ್ರೇಲರನ್ನು ಏರಿನಲ್ಲಿ ಎಳೆಯುವುದು ದೊಡ್ಡ ಕೆಲಸವಲ್ಲ. ಕಷ್ಟವಿರುವುದು ಅದನ್ನು ಇಳುಕಲಿನಲ್ಲಿ ತಡೆದು ನಿಲ್ಲಿಸುವುದರಲ್ಲಿ. ನಾಲ್ಕು ಚಕ್ರಕ್ಕೂ ಎಂಜಿನ್ನಿನ ಬಲ ಹೋಗುತ್ತದೆ ಎಂದಮಾತ್ರಕ್ಕೆ ಬ್ರೇಕು ಹೆಚ್ಚಾಗುವುದಿಲ್ಲ. ಬ್ರೇಕು ಎಲ್ಲ ಕಾರಿಗೂ ನಾಲ್ಕು ಚಕ್ರಕ್ಕೇ ಇರುತ್ತದೆ.

ಇದಕ್ಕೆ ಒಂದು ಒಳ್ಳೆಯ ನಿದರ್ಶನವಿದೆ. ಆಸ್ಟ್ರೇಲಿಯಾದಲ್ಲಿ ಮಾರಾಟವಾಗುವ ಮೂರು ಬಾಗಿಲಿನ ಸುಜುಕಿ ಜಿಮ್ನಿಗೆ ತಯಾರಕರು ಕೊಟ್ಟಿರುವ ಎಳೆಯುವ ಮಿತಿ ಎರಡು ಬಗೆಯದು. ಟ್ರೇಲರಿಗೆ ತನ್ನದೇ ಬ್ರೇಕು ಇದ್ದರೆ 1300 ಕೆ.ಜಿ.; ಇಲ್ಲದಿದ್ದರೆ ಬರೀ 350 ಕೆ.ಜಿ. ಎಂಜಿನ್ ಅದೇ, ಗೇರು ಅದೇ, ಹುಕ್ಕೂ ಅದೇ. ವ್ಯತ್ಯಾಸವೆಲ್ಲ ಬ್ರೇಕಿನದು. ನಮ್ಮ ಕಡೆ ಗ್ಯಾರೇಜಿನಲ್ಲಿ ಕಟ್ಟಿಕೊಡುವ ಚಿಕ್ಕ ಟ್ರೇಲರುಗಳಲ್ಲಿ ಸಾಮಾನ್ಯವಾಗಿ ಬ್ರೇಕು ಇರುವುದಿಲ್ಲ. ಖಾಲಿ ಟ್ರೇಲರೇ 200 ಕೆ.ಜಿ. ತೂಗಿದರೆ 350ರ ಮಿತಿಯಲ್ಲಿ ಹೇರಬಹುದಾದದ್ದು ಐವತ್ತು ಕಿಲೋದ ಮೂರೇ ಚೀಲ! ಇನ್ನೂ ಭಾರವಾದ, ದೊಡ್ಡ ವಾಹನಗಳಿಗೂ ಆಸ್ಟ್ರೇಲಿಯಾ, ಯೂರೋಪುಗಳಲ್ಲಿ ಬ್ರೇಕಿಲ್ಲದ ಟ್ರೇಲರಿನ ಮಿತಿ 750 ಕೆ.ಜಿ. ದಾಟುವುದಿಲ್ಲ. ಅದು ಟ್ರೇಲರು ಮತ್ತು ಸಾಮಾನು ಎರಡೂ ಸೇರಿದ ತೂಕ ಎಂಬುದನ್ನು ಗಮನಿಸಬೇಕು.

ನಮ್ಮ ಹಿರಿಯರು ಜೀಪಿನ ಹಿಂದೆ ಇದಕ್ಕಿಂತ ಹೆಚ್ಚು ಹೇರಲಿಲ್ಲವೇ ಎಂದು ಕೇಳುವವರಿದ್ದಾರೆ. ಹೇರಿದ್ದರು, ನಿಜ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೈನ್ಯಕ್ಕಾಗಿ ಬ್ಯಾಂಟಮ್ ಕಂಪನಿ ಮಾಡಿದ ಕಾಲು ಟನ್ನಿನ ಟ್ರೇಲರು ಜೀಪಿಗೆಂದೇ ಹುಟ್ಟಿದ್ದು. ಅದರ ತೊಟ್ಟಿ ನೀರಿನಲ್ಲಿ ತೇಲುವಂತೆ ಇತ್ತು ಎಂಬುದು ದೋಣಿಯ ಮಾತು ಬಂದಾಗ ನೆನೆಯತಕ್ಕ ಸಂಗತಿ. ಆ ಟ್ರೇಲರಿನಲ್ಲಿ ಒರಟು ನೆಲದ ಮೇಲೆ ಹೇರಲು ಹೇಳಿದ್ದ ಭಾರ 500 ಪೌಂಡು, ಅಂದರೆ ಸುಮಾರು 227 ಕೆ.ಜಿ. ಮಾತ್ರ. ನಮ್ಮ ತೋಟಗಳಲ್ಲಿ ಅದರ ಎರಡು ಮೂರು ಪಟ್ಟು ಹೇರಿದರೂ ನಡೆದದ್ದು ಜೀಪು ಗಂಟೆಗೆ ಮೂವತ್ತು ಕಿಲೋಮೀಟರ್ ಓಡುತ್ತಿದ್ದುದರಿಂದ. ಇಂದಿನ ವಾಹನ ಹಾಸನದ ಹೆದ್ದಾರಿಯಲ್ಲಿ ಅರಿವಿಲ್ಲದೆಯೇ ನೂರಕ್ಕೆ ಹೋಗುತ್ತದೆ. ವೇಗ ಎರಡರಷ್ಟಾದರೆ ತಡೆಯಬೇಕಾದ ಶಕ್ತಿ ನಾಲ್ಕರಷ್ಟಾಗುತ್ತದೆ; ಮೂವತ್ತರಿಂದ ತೊಂಬತ್ತಕ್ಕೆ ಹೋದರೆ ಒಂಬತ್ತರಷ್ಟು.

ತೂಕದ ಲೆಕ್ಕ ಮೊದಲು

ಕೊಳ್ಳುವ ಮುಂಚೆಯೇ ವಾಹನದ ಮಾಲೀಕರ ಕೈಪಿಡಿಯನ್ನು ಕೇಳಿ ತೆಗೆದುಕೊಂಡು ಎಳೆಯುವ ಭಾರದ ಪುಟವನ್ನು ಓದಬೇಕು. ಅಂಕಿ ಇದ್ದರೆ ಅದೇ ಕೊನೆಯ ಮಾತು. ಅಂಕಿ ಇಲ್ಲದಿದ್ದರೆ ಅಥವಾ ಎಳೆಯಬಾರದೆಂದು ಬರೆದಿದ್ದರೆ, ಕಂಪನಿಯಿಂದ ಬರವಣಿಗೆಯಲ್ಲಿ ಉತ್ತರ ಪಡೆಯದೆ ಮುಂದುವರಿಯತಕ್ಕದ್ದಲ್ಲ. ಇದೇ ಹೆಸರಿನ ವಾಹನ ಹೊರದೇಶದಲ್ಲಿ ಇಷ್ಟು ಎಳೆಯುತ್ತದೆ ಎಂಬುದು ನಮಗೆ ತಿಳಿವಳಿಕೆಗೆ ಸರಿ, ಆಧಾರಕ್ಕಲ್ಲ. ಅಲ್ಲಿಯ ಮಾದರಿಯ ಚಾಸಿ, ಬ್ರೇಕು, ಸ್ಪ್ರಿಂಗು ಇಲ್ಲಿಯದಕ್ಕಿಂತ ಬೇರೆ ಇರಬಹುದು.

ಆಮೇಲೆ ತೂಗಿ ನೋಡಬೇಕು. ಅಂದಾಜು ಬೇಡ. ಯಶವಂತಪುರದ ಮಾರುಕಟ್ಟೆ ಪ್ರಾಂಗಣ, ತುಮಕೂರು ರಸ್ತೆಯ ಆಸುಪಾಸಿನಲ್ಲಿ ಲಾರಿ ತೂಗುವ ವೇಬ್ರಿಡ್ಜುಗಳಿವೆ. ಮನೆಮಂದಿಯೂ ಗಂಟುಮೂಟೆಯೂ ಕೂತ ವಾಹನವನ್ನು ಒಮ್ಮೆ, ಖಾಲಿ ಟ್ರೇಲರನ್ನು ಒಮ್ಮೆ ತೂಗಿಸಿ ಚೀಟಿ ತೆಗೆದಿಟ್ಟುಕೊಳ್ಳಿ. ಟ್ರೇಲರು ಕಟ್ಟಿದವರು 150 ಎಂದು ಹೇಳಿದ್ದು ಕಾಟಾದ ಮೇಲೆ 250 ಆಗುವುದು ಅಪರೂಪವಲ್ಲ. ಗಟ್ಟಿ ಇರಲಿ ಎಂದು ನಾವೇ ದಪ್ಪ ಚಾನೆಲ್ಲು, ದಪ್ಪ ತಗಡು ಹಾಕಿಸಿರುತ್ತೇವೆ. ಕಬ್ಬಿಣದ ಪ್ರತಿ ಕಿಲೋವೂ ಚೀಲದಿಂದ ಕಳೆಯಬೇಕಾದ ಕಿಲೋ ಎಂಬುದನ್ನು ಅಲ್ಲಿ ಮರೆತಿರುತ್ತೇವೆ.

ಒಂದು ಲೆಕ್ಕ ಹಾಕೋಣ. ವಾಹನ ಜನರೊಡನೆ 1750 ಕೆ.ಜಿ., ಟ್ರೇಲರು 250 ಕೆ.ಜಿ., ಅದರಲ್ಲಿ ಐವತ್ತು ಕಿಲೋದ ಹತ್ತು ಚೆರ್ರಿ ಚೀಲ, ಅಂದರೆ 500 ಕೆ.ಜಿ. ಒಟ್ಟು 2500. ಇಷ್ಟನ್ನೂ ನಿಲ್ಲಿಸಬೇಕಾದದ್ದು 1750 ಕಿಲೋಗೆ ನೆಲದ ಹಿಡಿತವಿರುವ ನಾಲ್ಕು ಟೈರುಗಳು. ಪೂರ್ತಿ ಬ್ರೇಕು ಒತ್ತಿದಾಗ ಬರೀ ವಾಹನ 20 ಮೀಟರಿನಲ್ಲಿ ನಿಲ್ಲುತ್ತಿದ್ದರೆ ಟ್ರೇಲರಿನೊಡನೆ 28 ಅಥವಾ 29 ಮೀಟರು ಬೇಕು. ಹೆಬ್ಬಾಳದ ಮೇಲ್ಸೇತುವೆ ಇಳಿಯುವಾಗ ಮುಂದಿನ ಬಸ್ಸು ಗಕ್ಕನೆ ನಿಂತರೆ ಆ ಎಂಟೊಂಬತ್ತು ಮೀಟರನ್ನು ಎಲ್ಲಿಂದ ತರುವುದು?

ಆದಕಾರಣ ಬ್ರೇಕಿಲ್ಲದ ಟ್ರೇಲರಿಗೆ ಕೈಪಿಡಿಯ ಮಿತಿಯೊಳಗೇ ಹೇರಬೇಕು. ಹೆಚ್ಚು ಹೇರುವ ಉದ್ದೇಶವಿದ್ದರೆ ಓವರ್‌ರನ್ ಬ್ರೇಕಿನ ಟ್ರೇಲರು ಮಾಡಿಸಬೇಕು. ಅದರ ಕ್ರಮ ಸರಳ: ವಾಹನ ನಿಧಾನಿಸಿದಾಗ ಟ್ರೇಲರು ಮುಂದಕ್ಕೆ ನೂಕುತ್ತದೆ, ಆ ನೂಕಿನಿಂದಲೇ ಕೊಂಡಿಯ ಹಿಂದಿನ ದಂಡ ಒಳಸರಿದು ಟ್ರೇಲರಿನ ಚಕ್ರಗಳ ಬ್ರೇಕನ್ನು ಎಳೆಯುತ್ತದೆ. ಇದಕ್ಕೆ ಖರ್ಚು ಉಂಟು. ಆದರೆ ಸೀಟಿನ ಕವರು, ಅಲಾಯ್ ಚಕ್ರ, ಸಾಲು ಲೈಟುಗಳಿಗೆ ಸುರಿಯುವ ಹಣದಲ್ಲಿ ಇದಾಗುತ್ತದೆ ಎಂಬುದು ಈ ಲೇಖಕನ ಅಭಿಪ್ರಾಯ.

ಮೂಕಿಯ ಭಾರ

ಎತ್ತಿನ ಗಾಡಿ ಹೊಡೆದವರಿಗೆ ಈ ಭಾಗವನ್ನು ವಿವರಿಸಿ ಹೇಳಬೇಕಾಗಿಲ್ಲ. ಗಾಡಿಯಲ್ಲಿ ಹಿಂದುಗಡೆ ಹೆಚ್ಚು ಹೇರಿದರೆ ಮೂಕಿ ಮೇಲೆದ್ದು ನೊಗ ಎತ್ತುಗಳ ಹೆಗಲು ಬಿಟ್ಟು ಕೊರಳ ಹಗ್ಗ ಬಿಗಿಯುತ್ತದೆ. ಮುಂದುಗಡೆ ಹೆಚ್ಚಾದರೆ ಎತ್ತಿನ ಹೆಗಲು ಕುಸಿಯುತ್ತದೆ. ಮುಂಭಾರ ಸ್ವಲ್ಪ ಇರಬೇಕು, ಅತಿಯಾಗಬಾರದು. ಒಂದೇ ಆಕ್ಸಲಿನ ಟ್ರೇಲರಿಗೂ ಅದೇ ನ್ಯಾಯ. ಕೊಂಡಿಯ ಮೂಲಕ ವಾಹನದ ಹುಕ್ಕಿನ ಮೇಲೆ ಕೂರುವ ಭಾರ ಟ್ರೇಲರಿನ ಒಟ್ಟು ತೂಕದ ನೂರಕ್ಕೆ ಏಳರಿಂದ ಹತ್ತರಷ್ಟಿದ್ದರೆ ಟ್ರೇಲರು ನೆಟ್ಟಗೆ ಬರುತ್ತದೆ. ಮೇಲಿನ ಲೆಕ್ಕದ 750 ಕಿಲೋ ಟ್ರೇಲರಿಗೆ ಅದು 52ರಿಂದ 75 ಕಿಲೋ. ಹುಕ್ಕಿಗೋ ವಾಹನಕ್ಕೋ ತಯಾರಕರು ಇದಕ್ಕಿಂತ ಕಡಿಮೆ ಮಿತಿ ಹೇಳಿದ್ದರೆ ಅವರ ಮಾತೇ ಪ್ರಮಾಣ.

ಭಾರ ಹಿಂದಕ್ಕೆ ಬಿದ್ದ ಟ್ರೇಲರು ಹೆದ್ದಾರಿಯಲ್ಲಿ ಮೀನಿನ ಬಾಲದ ಹಾಗೆ ಎಡಬಲಕ್ಕೆ ಹೊಯ್ದಾಡತೊಡಗುತ್ತದೆ. ಮೊದಲು ಸಣ್ಣದಾಗಿ, ವೇಗ ಏರಿದಂತೆ ಜೋರಾಗಿ, ಕೊನೆಗೆ ವಾಹನದ ಹಿಂಭಾಗವನ್ನೇ ಬೀಸುತ್ತದೆ. ಹಾಗಾದಾಗ ಗಾಬರಿಯಿಂದ ಬ್ರೇಕು ತುಳಿಯುವುದು, ಸ್ಟೇರಿಂಗನ್ನು ಎದುರು ದಿಕ್ಕಿಗೆ ಎಳೆದಾಡುವುದು ಎರಡೂ ಕೆಡುಕು. ಆಕ್ಸಿಲರೇಟರಿನಿಂದ ಕಾಲು ತೆಗೆದು ಸ್ಟೇರಿಂಗನ್ನು ನೇರ ಹಿಡಿದುಕೊಂಡರೆ ವೇಗ ಇಳಿದಂತೆ ಹೊಯ್ದಾಟ ತಾನಾಗಿ ತಗ್ಗುತ್ತದೆ. ಅಲ್ಲೇ ಬದಿಗೆ ನಿಲ್ಲಿಸಿ ಚೀಲ ಮುಂದಕ್ಕೆ ಸರಿಸದೆ ಮತ್ತೆ ಹೊರಡಬಾರದು.

ಮೂಕಿಯ ಭಾರ ಅಳೆಯಲು ಹೊಸ ಉಪಕರಣ ಬೇಡ. ಕಣದಲ್ಲಿ ಚೀಲ ತೂಗುವ ಪ್ಲಾಟ್‌ಫಾರಂ ತಕ್ಕಡಿ ಸಾಕು. ಟ್ರೇಲರನ್ನು ಸಮನೆಲದಲ್ಲಿ ನಿಲ್ಲಿಸಿ, ಚಕ್ರಕ್ಕೆ ಮರದ ತುಂಡು ಕೊಟ್ಟು, ಕೊಂಡಿಯು ಹುಕ್ಕಿಗೆ ಹಾಕಿದಾಗ ಎಷ್ಟು ಎತ್ತರದಲ್ಲಿರುತ್ತದೋ ಅಷ್ಟೇ ಎತ್ತರಕ್ಕೆ ಬರುವಂತೆ ಒಂದು ಮರದ ಕಂಬದ ತುಂಡನ್ನು ತಕ್ಕಡಿಯ ಮೇಲಿಟ್ಟು ಅದರ ಮೇಲೆ ಕೊಂಡಿಯನ್ನು ಕೂರಿಸಿ ಓದಿಕೊಳ್ಳಿ. ಕೊಂಡಿಯಿಂದ ಆಕ್ಸಲಿಗೆ ಎರಡೂವರೆ ಮೀಟರಿದ್ದರೆ, ಒಂದು ಐವತ್ತು ಕಿಲೋ ಚೀಲವನ್ನು ಒಂದು ಮೀಟರ್ ಮುಂದೆ ಸರಿಸಿದಾಗ ಈ ಭಾರ 20 ಕಿಲೋ ಹೆಚ್ಚುತ್ತದೆ. ಹಿಂದೆ ಸರಿಸಿದರೆ ಅಷ್ಟೇ ತಗ್ಗುತ್ತದೆ. ಒಂದೆರಡು ಸಲ ಮಾಡಿ ನೋಡಿ ತೊಟ್ಟಿಯ ಬದಿಗೆ ಬಣ್ಣದಿಂದ ಗೀಟು ಹಾಕಿಟ್ಟರೆ ಆಳುಗಳೂ ಅದೇ ಪ್ರಕಾರ ಹೇರುತ್ತಾರೆ.

ಅತಿ ಮುಂಭಾರವೂ ಸಲ್ಲದು. ಹುಕ್ಕು ಹಿಂದಿನ ಆಕ್ಸಲಿಗಿಂತ ಒಂದು ಮೀಟರ್ ಹಿಂದಿದ್ದು ಎರಡು ಆಕ್ಸಲುಗಳ ನಡುವೆ 2.45 ಮೀಟರಿದ್ದರೆ, 75 ಕಿಲೋ ಮೂಕಿ ಭಾರದಿಂದ ಹಿಂದಿನ ಆಕ್ಸಲಿನ ಮೇಲೆ ಸುಮಾರು 105 ಕಿಲೋ ಹೆಚ್ಚಿ, ಮುಂದಿನ ಚಕ್ರಗಳಿಂದ 30 ಕಿಲೋ ಎದ್ದಂತಾಗುತ್ತದೆ. ಸ್ಟೇರಿಂಗೂ ಹೆಚ್ಚಿನ ಬ್ರೇಕೂ ಇರುವುದು ಮುಂದಿನ ಚಕ್ರಗಳಲ್ಲೇ ತಾನೆ. ಇದರ ಮೇಲೆ ಡಿಕ್ಕಿಯಲ್ಲೂ ಗೊಬ್ಬರದ ಚೀಲ ತುಂಬಿದರೆ ವಾಹನ ಮೂಗೆತ್ತಿಕೊಂಡು ನಡೆಯುತ್ತದೆ, ರಾತ್ರಿ ಎದುರಿನವರ ಕಣ್ಣಿಗೆ ಲೈಟು ಚುಚ್ಚುತ್ತದೆ.

ಬೋರ್ಡೋ ಡ್ರಮ್ಮಿನ ವಿಷಯ ಬೇರೆಯೇ ಹೇಳಬೇಕು. ಅರ್ಧ ತುಂಬಿದ ಡ್ರಮ್ಮು ತುಂಬಿದ ಡ್ರಮ್ಮಿಗಿಂತ ಕೆಟ್ಟದ್ದು. ಬ್ರೇಕು ಹಾಕಿದಾಗ ದ್ರಾವಣ ಮುಂದಕ್ಕೂ ಎಳೆದಾಗ ಹಿಂದಕ್ಕೂ ಬಡಿದು ಮೂಕಿಯ ಭಾರವನ್ನು ಏರಿಳಿಸುತ್ತದೆ. ಸಾಧ್ಯವಿದ್ದಷ್ಟು ಖಾಲಿ ಡ್ರಮ್ಮು ಒಯ್ದು ತೋಟದಲ್ಲೇ ನೀರು ತುಂಬಿಸುವುದು ಲೇಸು. ಚೆಲ್ಲಿದ ಮೈಲುತುತ್ತದ ದ್ರಾವಣ ಕಬ್ಬಿಣವನ್ನು ತಿನ್ನುವುದರಿಂದ ಅಂದಂದೇ ಟ್ರೇಲರು ತೊಳೆಯಬೇಕು.

ಹುಕ್ಕು, ಸರಪಣಿ, ದೀಪ

ಹುಕ್ಕನ್ನು ಬಂಪರಿಗೆ ಬಿಗಿಯತಕ್ಕದ್ದಲ್ಲ. ಇಂದಿನ ಬಂಪರು ಪ್ಲಾಸ್ಟಿಕ್ಕು. ಅದರ ಹಿಂದಿನ ತಗಡು ಸಣ್ಣ ಗುದ್ದು ತಡೆಯಲು ಇರುವುದೇ ಹೊರತು ಎಳೆಯಲು ಅಲ್ಲ. ಹುಕ್ಕಿನ ಚೌಕಟ್ಟು ಚಾಸಿಯ ಎರಡು ಉದ್ದ ಪಟ್ಟಿಗಳಿಗೂ ಕಂಪನಿಯೇ ಬಿಟ್ಟಿರುವ ತೂತುಗಳಲ್ಲಿ ಬೋಲ್ಟಿನಿಂದ ಬಿಗಿಯುವಂತಿರಬೇಕು. ಚಾಸಿಗೆ ವೆಲ್ಡಿಂಗ್ ಮಾಡಿಸುವುದೂ ಹೊಸ ತೂತು ಕೊರೆಸುವುದೂ ಬೇಡ. ಹಗ್ಗ ಕಟ್ಟಿ ಎಳೆಯಲು ಕಂಪನಿ ಕೊಟ್ಟಿರುವ ಬಳೆಗೆ ಟ್ರೇಲರ್ ಹಾಕುವವರೂ ಇದ್ದಾರೆ; ಅದು ಕೆಟ್ಟು ನಿಂತ ವಾಹನವನ್ನು ಎಳೆಯಲಿಕ್ಕೆ ಇರುವುದು.

ಗುಂಡಿನ ಹುಕ್ಕಾದರೆ ಅಂತರರಾಷ್ಟ್ರೀಯ ಅಳತೆ 50 ಮಿ.ಮೀ. ಅಮೆರಿಕದ ಅಳತೆಯಲ್ಲಿ ಎರಡು ಅಂಗುಲದ, ಅಂದರೆ 50.8 ಮಿ.ಮೀ.ನ ಗುಂಡೂ ಸಿಗುತ್ತದೆ. ನೋಡಲು ಒಂದೇ, ಆದರೆ ಕೊಂಡಿಯ ಬಟ್ಟಲು ಯಾವುದಕ್ಕೆ ಮಾಡಿದ್ದೋ ಅದೇ ಇರಬೇಕು. ಲೇತಿನವರಿಂದ ಅಂದಾಜಿನಲ್ಲಿ ಗುಂಡು ತಿರುಗಿಸಿ ಹಾಕಿಸುವುದು ಅಪಾಯ. ಟ್ರೇಲರು ಹೂಡಿದಾಗ ಅದರ ತಳ ನೆಲಕ್ಕೆ ಸಮಾಂತರವಾಗಿರಬೇಕು. ನಮ್ಮ ಫೋರ್‌ವೀಲ್ ವಾಹನಗಳು ಎತ್ತರದವಾದ್ದರಿಂದ ಹುಕ್ಕನ್ನು ಕೆಳಗಿಳಿಸುವ ತಟ್ಟೆ ಸಾಮಾನ್ಯವಾಗಿ ಬೇಕಾಗುತ್ತದೆ.

ಕೊಂಡಿಯ ಜೊತೆಗೆ ಎರಡು ಸರಪಣಿ ಕಡ್ಡಾಯವೆಂದೇ ತಿಳಿಯಿರಿ. ಎಡದ್ದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ, ಕೊಂಡಿಯ ಅಡಿಯಲ್ಲಿ ಅಡ್ಡ ಹಾಯಿಸಿ ಹಾಕಬೇಕು. ಕೊಂಡಿ ಕಳಚಿದರೆ ಮೂಕಿ ನೆಲಕ್ಕೆ ಚುಚ್ಚದೆ ಸರಪಣಿಯ ತೊಟ್ಟಿಲಲ್ಲಿ ಕೂರುತ್ತದೆ.

ದೀಪದ ತಂತಿಯ ವಿಷಯದಲ್ಲಿ ಹೊಸ ವಾಹನಗಳು ಹಳೆಯವುಗಳಂತಲ್ಲ. ಹಿಂದಿನ ದೀಪದ ತಂತಿ ಸುಲಿದು ಅದಕ್ಕೇ ಟ್ರೇಲರಿನ ತಂತಿ ಸುತ್ತಿದರೆ ವಾಹನದ ಗಣಕ ತಪ್ಪು ತಿಳಿದು ಎಚ್ಚರಿಕೆ ದೀಪ ಹಚ್ಚುತ್ತದೆ, ವಾರಂಟಿಯೂ ತಕರಾರಿಗೆ ಬೀಳುತ್ತದೆ. ಬ್ಯಾಟರಿಯಿಂದ ಫ್ಯೂಸಿನ ಮೂಲಕ ಬೇರೆ ತಂತಿ ತಂದು ರಿಲೇ ಪೆಟ್ಟಿಗೆ ಹಾಕಿಸಿ ಏಳು ಪಿನ್ನಿನ ಸಾಕೆಟ್ಟು ಕೂರಿಸುವುದು ಸರಿಯಾದ ಕ್ರಮ. ಸಾಮಾನ್ಯ ಏಳು ಪಿನ್ನಿನ ಕ್ರಮದಲ್ಲಿ 1ನೆಯದು ಎಡ ಇಂಡಿಕೇಟರು, 2 ಹಿಂದಿನ ಮಂಜುದೀಪ, 3 ಅರ್ತು, 4 ಬಲ ಇಂಡಿಕೇಟರು, 5 ಬಲ ಹಿಂದೀಪ, 6 ಬ್ರೇಕು ದೀಪ, 7 ಎಡ ಹಿಂದೀಪ. ದೀಪ ಮಿಣುಕಿದರೆ ಹತ್ತರಲ್ಲಿ ಒಂಬತ್ತು ಸಲ ದೋಷ ಮೂರನೆಯ ಪಿನ್ನಿನಲ್ಲಿರುತ್ತದೆ.

ಥಾರ್, ಜಿಮ್ನಿಗಳಂತೆ ಸ್ಟೆಪ್ನಿ ಹಿಂಬಾಗಿಲ ಮೇಲಿದ್ದು ಬಾಗಿಲು ಪಕ್ಕಕ್ಕೆ ತೆರೆಯುವ ವಾಹನಗಳಲ್ಲಿ, ಟ್ರೇಲರು ಹೂಡಿದ ಮೇಲೆ ಬಾಗಿಲು ತೆರೆಯುತ್ತದೆಯೇ ಎಂದು ಮೂಕಿಯ ಉದ್ದ ನಿಶ್ಚಯಿಸುವ ಮೊದಲೇ ಅಳೆದು ನೋಡಬೇಕು.

ಕಾಗದಪತ್ರ

ಟ್ರೇಲರು ಕಾನೂನಿನ ದೃಷ್ಟಿಯಲ್ಲಿ ಸ್ವತಂತ್ರ ವಾಹನ. 1988ರ ಮೋಟಾರು ವಾಹನ ಕಾಯಿದೆಯ ಪ್ರಕಾರ ಅದಕ್ಕೆ ಪ್ರತ್ಯೇಕ ನೋಂದಣಿ ಬೇಕು. ಯಾರ ಒಪ್ಪಿಗೆಯೂ ಇಲ್ಲದ ನಕ್ಷೆಯಿಂದ ಬೀದಿಯ ಶೆಡ್ಡಿನಲ್ಲಿ ಕಟ್ಟಿದ ಟ್ರೇಲರು ಅಗ್ಗವಾಗಿ ಕಂಡರೂ ನೋಂದಣಿಗೆ ಹೋದಾಗ ತೊಡಕಾಗುತ್ತದೆ. ಮುಂಗಡ ಕೊಡುವ ಮೊದಲು ಸಾರಿಗೆ ಕಚೇರಿಯಲ್ಲಿ ವಿಚಾರಿಸಿ. ಯಶವಂತಪುರದ ಕೆಎ-04, ಯಲಹಂಕದ ಕೆಎ-50 ಆಗಲಿ, ಊರಿನ ಕೆಎ-46 ಸಕಲೇಶಪುರ ಅಥವಾ ಕೆಎ-18 ಚಿಕ್ಕಮಗಳೂರಾಗಲಿ, ವಾಹನ ಟ್ರೇಲರುಗಳೆರಡೂ ಯಾವ ವಿಳಾಸದಲ್ಲಿ ನೋಂದಾಗಬೇಕೆಂಬುದನ್ನೂ ಆಗಲೇ ನಿರ್ಧರಿಸುವುದು ಒಳ್ಳೆಯದು. ಅದೇ ಕಾಯಿದೆಯ 52ನೆಯ ಕಲಮು ನೋಂದಣಿ ಪತ್ರದ ವಿವರಕ್ಕೆ ವ್ಯತ್ಯಾಸ ಬರುವಂತೆ ವಾಹನವನ್ನು ಮಾರ್ಪಡಿಸಬಾರದೆನ್ನುತ್ತದೆ. ಹುಕ್ಕಿನ ಜೊತೆಗೆ ಬುಲ್ ಗಾರ್ಡನ್ನೂ ಹಾಕಿಸಿಬಿಡಿ ಎಂದು ಅಂಗಡಿಯವರು ಒತ್ತಾಯಿಸುತ್ತಾರೆ. ಅದನ್ನು ತಡೆಯುವಂತೆ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲೇ ರಾಜ್ಯಗಳಿಗೆ ಬರೆದಿದೆ.

ವಿಮೆಯ ಮಾತು ಇನ್ನೂ ಮುಖ್ಯ. ಖಾಸಗಿ ಕಾರಿನ ಸಾಮಾನ್ಯ ಪಾಲಿಸಿಯಲ್ಲಿ ಸ್ವಂತ ಲಗ್ಗೇಜಿನ ಹೊರತು ಸರಕು ಸಾಗಣೆಗೆ ರಕ್ಷಣೆ ಇಲ್ಲವೆಂಬ ಷರತ್ತು ಇರುತ್ತದೆ. ಬಿಳಿ ಬೋರ್ಡಿನ ವಾಹನಕ್ಕೆ ಟ್ರೇಲರು ಹೂಡಿ ಕ್ಯೂರಿಂಗ್ ವರ್ಕ್ಸಿಗೆ ಚೀಲ ಒಯ್ಯುವಾಗ ಏನಾದರೂ ಆದರೆ ಪರಿಹಾರ ಸಿಗದೆ ಹೋಗಬಹುದು. ಮೂರನೆಯವರಿಗೆ ಪೆಟ್ಟಾದರೆ ತೋಟವೇ ಒತ್ತೆಬೀಳುವ ಮೊತ್ತ ನಮ್ಮ ತಲೆಯ ಮೇಲೆ ಬರಬಹುದು. ಟ್ರೇಲರು ಪಾಲಿಸಿಯಲ್ಲಿ ನಮೂದಾಗಿರಬೇಕು, ಯಾವ ಉಪಯೋಗಕ್ಕೆ ಎಂಬುದೂ ಬರವಣಿಗೆಯಲ್ಲಿರಬೇಕು. ನಿತ್ಯ ಸರಕಿನ ಕೆಲಸವೇ ಇದ್ದರೆ, ಸರಕಿಗೆಂದೇ ನೋಂದಾಗುವ ಫೋರ್‌ವೀಲ್ ಪಿಕಪ್ಪು ಕೊಳ್ಳುವುದೇ ಲೇಸೆಂದು ಒತ್ತಿ ಹೇಳಬೇಕಾಗಿದೆ.

ಊರಿಗೆ ತರುವುದು, ಘಾಟಿ ಇಳಿಯುವುದು

ಷೋರೂಮಿನಿಂದ ಇಳಿಸಿದ ದಿನವೇ ಟ್ರೇಲರು ಹೂಡಿ ಊರಿಗೆ ಹೊರಡುವುದು ಬೇಡ. ಮೊದಲ ಸಾವಿರ ಕಿಲೋಮೀಟರು ಹೊಸ ಎಂಜಿನ್ನೂ ಗೇರುಹಲ್ಲುಗಳೂ ಬ್ರೇಕಿನ ಪ್ಯಾಡುಗಳೂ ಒಂದಕ್ಕೊಂದು ಹೊಂದಿಕೊಳ್ಳುವ ಕಾಲ. ಆ ಅವಧಿಯಲ್ಲಿ ಹೊರೆ ಎಳೆಸಬಾರದು. ವಾಹನ ಮಾತ್ರ ತಂದು ಮೊದಲ ಸರ್ವೀಸು ಮುಗಿಸಿ ಆಮೇಲೆ ಟ್ರೇಲರಿಗೆ ಹೋದರೆ ಆತುರದ ವೆಲ್ಡಿಂಗೂ ತಪ್ಪುತ್ತದೆ.

ಟ್ರೇಲರು ತರುವ ದಿನ ಅದನ್ನು ಖಾಲಿಯಾಗಿಯೇ ತನ್ನಿ. ಹೆಬ್ಬಾಳದಿಂದ ಗೊರಗುಂಟೆಪಾಳ್ಯ, ಅಲ್ಲಿಂದ ತುಮಕೂರು ರಸ್ತೆ ಹಿಡಿದು ನೆಲಮಂಗಲ, ಕುಣಿಗಲ್, ಹಾಸನದ ಮೇಲೆ ಬರುವವರು ಬೆಳಕು ಹರಿಯುವ ಹೊತ್ತಿಗೆ ನಗರ ದಾಟಿದ್ದರೆ ಒಳ್ಳೆಯದು. ತಿರುವಿನಲ್ಲಿ ಟ್ರೇಲರಿನ ಚಕ್ರ ವಾಹನದ ಚಕ್ರಕ್ಕಿಂತ ಒಳಗೆ ಕತ್ತರಿಸುತ್ತದೆ. ಪಕ್ಕದಲ್ಲಿ ನುಸುಳುವ ದ್ವಿಚಕ್ರದವರಿಗೆ ಇದು ತಿಳಿದಿರುವುದಿಲ್ಲ. ಐವತ್ತು ಕಿಲೋಮೀಟರಿಗೊಮ್ಮೆ ನಿಲ್ಲಿಸಿ ಚಕ್ರದ ನಟ್ಟು ಬಿಗಿದು, ಬೇರಿಂಗಿನ ಬಳಿ ಕೈಯಿಟ್ಟು ನೋಡಿ. ಬೆಚ್ಚಗಿದ್ದರೆ ಸರಿ, ಕೈ ಇಡಲಾಗದಷ್ಟು ಸುಟ್ಟರೆ ಬಿಗಿ ಹೆಚ್ಚಾಗಿದೆ. ಹಿಮ್ಮುಖ ಬಿಡುವುದನ್ನು ಬಯಲಲ್ಲಿ ಕಲಿಯಬೇಕು: ಸ್ಟೇರಿಂಗಿನ ಕೆಳಭಾಗವನ್ನು ಹಿಡಿದುಕೊಂಡರೆ ಕೈ ಯಾವ ಕಡೆ ಹೋಗುತ್ತದೋ ಟ್ರೇಲರೂ ಆ ಕಡೆಗೇ ಹೋಗುತ್ತದೆ.

ಇನ್ನು ಘಾಟಿ. ಶಿರಾಡಿ, ಚಾರ್ಮಾಡಿ, ಸಂಪಾಜೆ ಯಾವುದೇ ಇರಲಿ, 2500 ಕಿಲೋದ ಜೋಡಿ 600 ಮೀಟರ್ ಕೆಳಗಿಳಿದರೆ ಹುಟ್ಟುವ ಶಾಖ, ಬಚ್ಚಲು ಹಂಡೆಯ ನಲವತ್ತು ಲೀಟರಿಗೂ ಮಿಕ್ಕ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರುವಷ್ಟು. ಬರೀ ಬ್ರೇಕಿನಿಂದಲೇ ಇಳಿದರೆ ಅಷ್ಟೂ ಶಾಖ ನಾಲ್ಕು ಬ್ರೇಕುಗಳಿಗೆ ಹೋಗುತ್ತದೆ. ಪ್ಯಾಡು ಸುಟ್ಟ ವಾಸನೆ ಬಂದು ಪೆಡಲು ಮೆತ್ತಗಾದ ಮೇಲೆ ಮಾಡುವುದಕ್ಕೆ ಹೆಚ್ಚೇನೂ ಉಳಿದಿರುವುದಿಲ್ಲ. ಹತ್ತಲು ಯಾವ ಗೇರು ಬೇಕೋ ಅದೇ ಗೇರಿನಲ್ಲಿ ಇಳಿಯಬೇಕೆಂಬ ಹಳೆಯ ಲಾರಿ ಚಾಲಕರ ರೂಢಿ ಇಲ್ಲಿಗೂ ಸಲ್ಲುತ್ತದೆ. ಇಳಿಯಲು ಮೊದಲೇ ಎರಡು ಅಥವಾ ಮೂರನೆಯ ಗೇರಿಗೆ ತಂದು ಎಂಜಿನ್ ತಡೆಯಲಿ. ಬ್ರೇಕನ್ನು ಆಗಾಗ ಗಟ್ಟಿಯಾಗಿ ಒತ್ತಿ ಪೂರ್ತಿ ಬಿಡಿ. ಡೀಸೆಲ್ ಉಳಿಸಲೆಂದು ನ್ಯೂಟ್ರಲ್ಲಿನಲ್ಲಿ ಇಳಿಸುವವರ ಕೈಗೆ ಈ ವಾಹನವನ್ನು ಕೊಡಬೇಡಿ.

ಇಲ್ಲಿ ಫೋರ್‌ವೀಲ್ ಹಾಕಬೇಕೇ ಎಂಬುದು ಹಲವರ ಪ್ರಶ್ನೆ. ಥಾರ್, ಜಿಮ್ನಿಗಳಲ್ಲಿರುವ ಕ್ರಮದಲ್ಲಿ ಲಿವರನ್ನು ಫೋರ್-ಎಚ್ ಅಥವಾ ಫೋರ್-ಎಲ್‌ಗೆ ಹಾಕಿದಾಗ ಮುಂದಿನ ಹಿಂದಿನ ಷಾಫ್ಟುಗಳು ಒಂದಕ್ಕೊಂದು ಬಿಗಿದುಕೊಳ್ಳುತ್ತವೆ. ತಿರುವಿನಲ್ಲಿ ಮುಂದಿನ ಚಕ್ರ ಹಿಂದಿನದಕ್ಕಿಂತ ಹೆಚ್ಚು ದೂರ ಹೋಗಬೇಕು. ಕೆಸರಿನಲ್ಲಾದರೆ ಟೈರು ಜಾರಿ ವ್ಯತ್ಯಾಸ ಸರಿಹೋಗುತ್ತದೆ, ಒಣ ಟಾರು ರಸ್ತೆಯಲ್ಲಿ ಜಾರದೆ ಷಾಫ್ಟು ತಿರುಚಿಕೊಳ್ಳುತ್ತದೆ. ಆದ್ದರಿಂದ ಒಣ ಘಾಟಿ ರಸ್ತೆಯಲ್ಲಿ ಟೂ-ಎಚ್ ಮತ್ತು ಕೆಳಗೇರು. ತೋಟದೊಳಗಿನ ನೆನೆದ ಮಣ್ಣಿನ ಇಳುಕಲಿನಲ್ಲಿ ಮಾತ್ರ ಫೋರ್-ಎಲ್, ಒಂದನೆಯ ಗೇರು. ಅಲ್ಲಿ ಬ್ರೇಕಿಲ್ಲದ ಟ್ರೇಲರು ವಾಹನದ ಹಿಂಭಾಗವನ್ನು ಪಕ್ಕಕ್ಕೆ ನೂಕಿ ಮಡಚುವ ಅಪಾಯ ಹೆಚ್ಚು. ನಾಲ್ಕು ಚಕ್ರವನ್ನೂ ಎಂಜಿನ್ ಸಮನಾಗಿ ಹಿಡಿದರೆ ಅದು ಬಹಳಷ್ಟು ತಗ್ಗುತ್ತದೆ. ಫೋರ್‌ವೀಲಿನ ನಿಜವಾದ ಪ್ರಯೋಜನ ಇಂಥ ಜಾಗದಲ್ಲಿ.

ದೋಣಿಯ ಟ್ರೇಲರು

ಯಲಹಂಕದ ಕೇಂದ್ರೀಯ ವಿಹಾರ ವಸತಿ ಸಮುಚ್ಚಯಕ್ಕೆ 2021ರ ನವೆಂಬರಿನಲ್ಲೂ 2024ರ ಅಕ್ಟೋಬರಿನಲ್ಲೂ ನೀರು ನುಗ್ಗಿ, ನಿವಾಸಿಗಳನ್ನು ದೋಣಿಯಲ್ಲಿ ಹೊರತಂದದ್ದು ಓದುಗರಿಗೆ ನೆನಪಿರಬಹುದು. ಗಾಳಿ ತುಂಬುವ ರಬ್ಬರು ದೋಣಿಯನ್ನು ಮಡಚಿ ಯಾವ ವಾಹನದಲ್ಲಾದರೂ ಒಯ್ಯಬಹುದು. ಫೈಬರು ಅಥವಾ ಅಲ್ಯೂಮಿನಿಯಮ್ ದೋಣಿಗೆ ಟ್ರೇಲರು ಬೇಕೇಬೇಕು. ಶರಾವತಿ ಹಿನ್ನೀರಿನಲ್ಲಿ 2025ರ ಜುಲೈ 14ರಂದು ಸಿಗಂದೂರು ಸೇತುವೆ ತೆರೆದು ಲಾಂಚಿಗೆ ಕಾಯುವ ಕಷ್ಟ ತಪ್ಪಿತಾದರೂ, ಹೇಮಾವತಿ, ಭದ್ರಾ, ಹಾರಂಗಿ ಹಿನ್ನೀರುಗಳೂ ಸೇರಿದಂತೆ ದಡದ ಮನೆಗಳಿಗೆ ದೋಣಿಯ ಅಗತ್ಯ ಇನ್ನೂ ಇದೆ. ಎಂಜಿನ್ನಿನ ದೋಣಿಗೆ 2021ರ ಒಳನಾಡು ನೌಕೆಗಳ ಕಾಯಿದೆಯಂತೆ ನೋಂದಣಿ ಬೇಕು. ಜಲಾಶಯದಲ್ಲಿ ಇಳಿಸಲು ಅದರ ಆಡಳಿತದ ಅನುಮತಿ ಬೇರೆ.

ದೋಣಿಯಲ್ಲಿ ಎಂಜಿನ್ ಹಿಂತುದಿಯಲ್ಲಿರುವುದರಿಂದ ಮೂಕಿಯ ಭಾರ ತಾನಾಗಿ ತಗ್ಗುತ್ತದೆ. ಚೀಲದಂತೆ ದೋಣಿಯ ಭಾಗಗಳನ್ನು ಮುಂದೆ ಸರಿಸಲು ಬರುವುದಿಲ್ಲ. ಟ್ರೇಲರಿನ ಆಕ್ಸಲನ್ನೇ ಹಿಂದಕ್ಕೆ ಸರಿಸಿ ಬೋಲ್ಟು ಬಿಗಿಯುವಂತೆ ಮಾಡಿಸಬೇಕು. ಅಡಿಯ ನಡುವೆಣೆ ಉರುಳೆಗಳ ಮೇಲೆ, ಎರಡು ಪಕ್ಕ ಉದ್ದನೆಯ ಹಲಗೆಗಳ ಮೇಲೆ ಕೂತಿರಬೇಕು. ಮುಂದೆ ವಿಂಚಿನ ಪಟ್ಟಿ, ಅದರ ಜೊತೆಗೆ ಸರಪಣಿ, ಹಿಂದೆ ಎರಡು ಕಟ್ಟು. ಬಯಲಲ್ಲಿ ಬಿಟ್ಟ ದೋಣಿಗೆ ಮಳೆಗಾಲದಲ್ಲಿ ಹೊದಿಕೆ ಹಾಕಿ ತಳದ ಬಿರಟೆ ತೆಗೆದಿಡಿ. ಮೂರು ಮೀಟರ್ ಉದ್ದ, ಒಂದು ಮೀಟರ್ ಅಗಲದ ದೋಣಿಯಲ್ಲಿ ಒಂದು ದಿನದ 100 ಮಿ.ಮೀ. ಮಳೆ ನಿಂತರೆ 300 ಕಿಲೋ ನೀರು. ಆಷಾಢದಲ್ಲಿ ನಮಗೆ ಇಷ್ಟು ಮಳೆ ಹೊಸತೇ? ನೀರಿಗಿಳಿಸುವ ಮುಂಚೆ ಬಿರಟೆಯನ್ನು ಮತ್ತೆ ಹಾಕಬೇಕೆಂಬುದನ್ನು ಮಾತ್ರ ಮರೆಯಬಾರದು.

ದಡ ತಲುಪಿದ ಕೂಡಲೆ ದೋಣಿ ಇಳಿಸಬೇಡಿ. ದೂರ ಓಡಿ ಬಿಸಿಯಾದ ಬೇರಿಂಗು ತಣ್ಣೀರಿಗೆ ಮುಳುಗಿದರೆ ಒಳಗಿನ ಗಾಳಿ ಕುಗ್ಗಿ ನೀರನ್ನು ಹೀರಿಕೊಳ್ಳುತ್ತದೆ. ಗ್ರೀಸು ಕೆಟ್ಟು ಕೆಲವೇ ತಿಂಗಳಲ್ಲಿ ತುಕ್ಕು ಹಿಡಿಯುತ್ತದೆ. ಅರ್ಧ ಗಂಟೆ ಆರಲು ಬಿಟ್ಟು, ದೀಪದ ಪ್ಲಗ್ಗು ಕಿತ್ತಿಟ್ಟು, ಆಮೇಲೆ ಹಿಮ್ಮುಖ ಬಿಡಿ. ಬೇಸಿಗೆಯಲ್ಲಿ ನೀರು ಇಳಿದ ದಡ ಮೇಲೆ ಒಣಗಿದಂತೆ ಕಂಡರೂ ಅಡಿಯಲ್ಲಿ ಹೂಳು ಮೆತ್ತಗಿರುತ್ತದೆ, ನಡೆದು ನೋಡಿದ ಮೇಲೆಯೇ ಚಕ್ರ ಇಡಬೇಕು. ಹೊಸ ಥಾರಿಗೆ 650 ಮಿ.ಮೀ. ನೀರಿನಲ್ಲಿ ಹಾಯುವ ಸಾಮರ್ಥ್ಯವಿದೆ ಎಂದು ಕಂಪನಿ ಹೇಳಿರುವುದು ಗಟ್ಟಿ ತಳದ ಮೇಲೆ ಹಾಯ್ದು ಹೋಗಲಿಕ್ಕೆ, ಹೂಳಿನಲ್ಲಿ ನಿಲ್ಲಲಿಕ್ಕಲ್ಲ. ನೆಲ ನಂಬಿಕೆಗೆ ಬಾರದಿದ್ದರೆ ವಾಹನವನ್ನು ಗಟ್ಟಿ ನೆಲದಲ್ಲೇ ನಿಲ್ಲಿಸಿ ಉದ್ದ ಹಗ್ಗದಿಂದ ಟ್ರೇಲರು ಮಾತ್ರ ಇಳಿಸಬಹುದು.

ಇಳಿಜಾರಿನಲ್ಲಿ ವಾಹನ ನಿಂತಾಗ ಹ್ಯಾಂಡ್‌ಬ್ರೇಕು ಎಳೆದು, ಫೋರ್-ಎಲ್‌ನಲ್ಲಿ ಒಂದನೆಯ ಗೇರು ಹಾಕಿ, ಚಕ್ರಕ್ಕೆ ಮರದ ತುಂಡು ಕೊಡಬೇಕು. ಟ್ರಾನ್ಸ್‌ಫರ್ ಲಿವರು ನ್ಯೂಟ್ರಲ್ಲಿನಲ್ಲಿ ಉಳಿದುಬಿಟ್ಟರೆ ಗೇರು ಹಾಕಿದ್ದರೂ, ಆಟೋಮ್ಯಾಟಿಕ್ಕಿನಲ್ಲಿ ಪಾರ್ಕ್ ಹಾಕಿದ್ದರೂ ಚಕ್ರಗಳಿಗೆ ಹಿಡಿತವಿರುವುದಿಲ್ಲ. ಲಿವರನ್ನು ಕಣ್ಣಿನಿಂದಲೇ ನೋಡಿ ಇಳಿಯಿರಿ. ದೋಣಿ ಇಳಿಸುವಷ್ಟು ಹೊತ್ತು ಚಾಲಕನ ಹೊರತು ಒಳಗೆ ಯಾರೂ ಕೂರುವುದು ಬೇಡ, ಚಾಲಕನ ಕಡೆಯ ಗಾಜು ಇಳಿದಿರಲಿ, ಬೆಲ್ಟು ಬಿಚ್ಚಿರಲಿ. ಮೇಲೆತ್ತುವಾಗ ಫೋರ್-ಎಲ್‌ನ ಒಂದನೆಯ ಗೇರಿನಲ್ಲಿ ಕ್ಲಚ್ಚು ಉಜ್ಜದೆ ನಿಧಾನ ಎಳೆದು, ದಡದಲ್ಲಿ ಐದು ನಿಮಿಷ ನಿಲ್ಲಿಸಿ ನೀರು ಸೋರಲು ಬಿಟ್ಟು, ಬೇರಿಂಗಿಗೆ ಹೊಸ ಗ್ರೀಸು ಒತ್ತಿ, ದೀಪದ ಪ್ಲಗ್ಗು ಸಿಕ್ಕಿಸಿ ಆರೂ ದೀಪ ಉರಿಯುತ್ತವೆಯೇ ನೋಡಿಕೊಂಡು ಹೊರಡತಕ್ಕದ್ದು.